ವಿದೇಶದ ವೇದಿಕೆಯಲ್ಲಿ ವಾದ್ಯಕ್ಕೆ ಕರೆಂಟ್: ಯಾರಿಗೆ ಯಾವ ದಾರಿ

ಅಮೆರಿಕದ ಅಕ್ಕ ಸಮ್ಮೇಳನಕ್ಕೆ, ದುಬೈನ ರಾಜ್ಯೋತ್ಸವಕ್ಕೆ, ಸಿಂಗಪುರದ ಸಂಗೀತ ಸಂಜೆಗೆ ಎಂದು ಹೊರಡುವ ತಂಡಗಳಲ್ಲಿ ವೀಸಾ, ಟಿಕೆಟ್, ಹಾಡಿನ ಪಟ್ಟಿ ಎಲ್ಲವೂ ಬಹಳ ಮೊದಲೇ ಸಿದ್ಧವಾಗುತ್ತವೆ. ಕೀಬೋರ್ಡಿಗೆ, ತಾಳ ನುಡಿಸುವ ಎಲೆಕ್ಟ್ರಾನಿಕ್ ಪ್ಯಾಡಿಗೆ, ಶ್ರುತಿಪೆಟ್ಟಿಗೆಗೆ ಅಲ್ಲಿ ಕರೆಂಟ್ ಹೇಗೆ ಎಂಬುದು ಮಾತ್ರ ಹೊರಡುವ ಹಿಂದಿನ ದಿನ ನೆನಪಾಗುತ್ತದೆ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಒಂದು 'ಯುನಿವರ್ಸಲ್ ಅಡಾಪ್ಟರ್' ಕೊಂಡು ಬ್ಯಾಗಿಗೆ ಹಾಕಿಕೊಂಡರೆ ಆಯಿತು ಎಂದುಕೊಳ್ಳುವವರೇ ಹೆಚ್ಚು. ಆ ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆ, ಅಷ್ಟೇ. ವೋಲ್ಟೇಜ್ ಬದಲಿಸುವುದಿಲ್ಲ. ಎಷ್ಟೋ ಸಲ ಅರ್ತಿಂಗನ್ನೂ ದಾಟಿಸುವುದಿಲ್ಲ.

ಇರುವುದು ನಾಲ್ಕು ದಾರಿ. ಯಾವ ದೇಶದ ಕರೆಂಟಿಗೂ ಹೊಂದುವ ಸಾಧನ ಒಯ್ದು ವೈರು, ಪಿನ್ ಮಾತ್ರ ಬದಲಿಸುವುದು ಒಂದು. ಟ್ರಾನ್ಸ್‌ಫಾರ್ಮರ್ ಹೊತ್ತೊಯ್ಯುವುದು ಇನ್ನೊಂದು. ಬ್ಯಾಟರಿಯಲ್ಲೇ ಕಾರ್ಯಕ್ರಮ ಮುಗಿಸುವುದು ಮೂರನೆಯದು. ಅಲ್ಲಿಯದೇ ವಾದ್ಯ, ಅಲ್ಲಿಯದೇ ಆಂಪ್ಲಿಫಯರ್ ಬಾಡಿಗೆಗೆ ಪಡೆಯುವುದು ನಾಲ್ಕನೆಯದು. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ: ಕೈಚೀಲದಲ್ಲಿ ಹಿಡಿಯುವಂಥದ್ದಕ್ಕೆ ಮೊದಲ ದಾರಿ ಮತ್ತು ಮೂರನೆಯದು, ಇಬ್ಬರು ಸೇರಿ ಎತ್ತಬೇಕಾದದ್ದಕ್ಕೆ ನಾಲ್ಕನೆಯದು. ಟ್ರಾನ್ಸ್‌ಫಾರ್ಮರ್ ಬೇರೆ ಗತಿಯೇ ಇಲ್ಲದಾಗ ಮಾತ್ರ. ಯಾವ ದಾರಿ ಹಿಡಿದರೂ ಅರ್ತಿಂಗ್ ವಿಷಯದಲ್ಲಿ ರಾಜಿ ಕೂಡದು, ಏಕೆಂದರೆ ಅಲ್ಲಿ ಹೋಗುವುದು ವಾದ್ಯವಲ್ಲ, ಜೀವ.

ಮೊದಲು ಲೇಬಲ್ ಓದಿ

ಆಯ್ಕೆ ಮಾಡುವ ಮುನ್ನ ಪ್ರತಿ ಸಾಧನದ ಹಿಂಬದಿಯನ್ನೂ ಅಡಾಪ್ಟರಿನ ಹೊಟ್ಟೆಯ ಮೇಲಿನ ಸಣ್ಣ ಅಕ್ಷರಗಳನ್ನೂ ಮೊಬೈಲ್ ಟಾರ್ಚ್ ಹಿಡಿದು ಓದಿ, ಫೋಟೋ ತೆಗೆದಿಟ್ಟುಕೊಳ್ಳಿ. 'ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್' ಎಂದಿದ್ದರೆ ಪ್ರಪಂಚದ ಯಾವ ಮೂಲೆಗಾದರೂ ಒಯ್ಯಬಹುದು (ಹರ್ಟ್ಸ್ ಎಂದರೆ ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ). ಇಂಥವು ಎಸ್‌ಎಂಪಿಎಸ್ ಮಾದರಿಯವು, ಅಂದರೆ ಬರುವ ವೋಲ್ಟೇಜಿಗೆ ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ತಾವೇ ಹೊಂದಿಕೊಳ್ಳುವಂಥವು, ಕೈಗೆ ಹಗುರ. ಲ್ಯಾಪ್‌ಟಾಪ್ ಚಾರ್ಜರ್, ಈಚಿನ ಬಹುಪಾಲು ಕೀಬೋರ್ಡ್ ಅಡಾಪ್ಟರ್‌ಗಳು, ಡಿಜಿಟಲ್ ಮಿಕ್ಸರ್‌ಗಳು ಈ ಜಾತಿಗೆ ಸೇರುತ್ತವೆ.

'230 ವೋಲ್ಟ್, 50 ಹರ್ಟ್ಸ್' ಎಂದಷ್ಟೇ ಇದ್ದರೆ ಒಳಗೆ ತಾಮ್ರ ಸುತ್ತಿದ ಟ್ರಾನ್ಸ್‌ಫಾರ್ಮರ್ ಇರುವುದೇ ಹೆಚ್ಚು. ಅಡಾಪ್ಟರ್ ಗಾತ್ರಕ್ಕೆ ಮೀರಿ ಭಾರವಾಗಿರುವುದೇ ಗುರುತು. ನಮ್ಮಲ್ಲಿ ಕಳೆದುಹೋದ ಅಡಾಪ್ಟರಿಗೆ ಬದಲಾಗಿ ಕೊಂಡ ಅಗ್ಗದವುಗಳಲ್ಲಿ ಹಲವು ಇಂಥವೇ. ಇದನ್ನು ಅಮೆರಿಕದ 120 ವೋಲ್ಟಿಗೆ ಹಾಕಿದರೆ ಸುಡುವುದಿಲ್ಲ, ಆದರೆ ಹೊರಬರುವ ವೋಲ್ಟೇಜ್ ಅರ್ಧಕ್ಕೆ ಇಳಿಯುತ್ತದೆ. ಕೀಬೋರ್ಡ್ ಆನ್ ಆಗುವುದಿಲ್ಲ. ಆನ್ ಆದರೂ ಜೋರಾಗಿ ನುಡಿಸುವಾಗ ತಾನೇ ಆಫ್ ಆಗಿ ಮತ್ತೆ ಶುರುವಾಗುತ್ತದೆ. ತಿರುಗುಮುರುಗಾದರೆ ಅಪಾಯ ದೊಡ್ಡದು. ಅಮೆರಿಕದಲ್ಲಿ ಕೊಂಡ 120 ವೋಲ್ಟಿನ ಸಾಧನವನ್ನು ನಮ್ಮ ಅಥವಾ ಯುರೋಪಿನ 230ಕ್ಕೆ ಹಾಕಿದರೆ ಕಾಯಿಲ್ ತರಹದ ಹೊರೆಗೆ ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ನುಗ್ಗುತ್ತದೆ. ಅದೃಷ್ಟವಿದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ರೇ ಹೋಗುತ್ತದೆ. ಅಣ್ಣನೋ ಅಕ್ಕನೋ ಅಮೆರಿಕದಿಂದ ತಂದುಕೊಟ್ಟ ಹಳೆಯ ಆಂಪ್ಲಿಫಯರ್ ನಿಮ್ಮಲ್ಲಿದ್ದರೆ ಅದರ ಲೇಬಲ್ಲನ್ನು ಎರಡು ಸಲ ಓದಿ.

ಮೂರನೆಯ ಜಾತಿಯೊಂದಿದೆ. ಹಿಂದುಗಡೆ ಕೆಂಪು ಜಾರುಗುಂಡಿಯ ಪಕ್ಕ '115' ಮತ್ತು '230' ಎಂದು ಬರೆದಿರುತ್ತದೆ. ಪವರ್ಡ್ ಸ್ಪೀಕರ್, ಪವರ್ ಆಂಪ್‌ಗಳಲ್ಲಿ ಇದು ಸಾಮಾನ್ಯ. ಸ್ಕ್ರೂಡ್ರೈವರ್ ತುದಿಯಿಂದ ಗುಂಡಿ ಸರಿಸುವುದರ ಜೊತೆಗೆ ಫ್ಯೂಸನ್ನೂ ಬದಲಿಸಬೇಕೆಂಬುದನ್ನು ಹಲವರು ಮರೆಯುತ್ತಾರೆ. ವೋಲ್ಟೇಜ್ ಅರ್ಧವಾದಾಗ ಅದೇ ಕೆಲಸಕ್ಕೆ ಎರಡರಷ್ಟು ಕರೆಂಟ್ ಎಳೆಯುವುದರಿಂದ 115ರ ಫ್ಯೂಸ್ ಸುಮಾರು ಎರಡು ಪಟ್ಟಿನದು. ಬೇಕಾದ ಅಂಕಿಯನ್ನು ಫ್ಯೂಸ್ ಡಬ್ಬಿಯ ಪಕ್ಕದಲ್ಲೇ ಬರೆದಿರುತ್ತಾರೆ. ಊರಿಗೆ ಮರಳಿದ ಮೇಲೆ ಗುಂಡಿಯನ್ನು 230ಕ್ಕೆ ತಿರುಗಿಸುವುದನ್ನು ಮರೆತರೆ ಮನೆಯಲ್ಲೇ ಹೊಗೆ. ಅದಕ್ಕೇ ಗುಂಡಿಯ ಮೇಲೆ ಟೇಪ್ ಅಂಟಿಸಿ ದೇಶದ ಹೆಸರು ಬರೆದಿಡುವುದು ಒಳ್ಳೆಯ ರೂಢಿ.

ಅಡಾಪ್ಟರ್ ಬದಲಿಸುವುದಾದರೆ ಔಟ್‌ಪುಟ್ ಸಾಲನ್ನೂ ನೋಡಿ. ಬಾಸ್, ರೋಲ್ಯಾಂಡ್‌ಗಳ 9 ವೋಲ್ಟಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಒಳತುದಿ ಮೈನಸ್, ಯಮಹಾ ಕೀಬೋರ್ಡಿನ 12 ವೋಲ್ಟಿನದರಲ್ಲಿ ಒಳತುದಿ ಪ್ಲಸ್. ಗಾತ್ರ ಕೂತಿತೆಂದು ಒಂದರದನ್ನು ಇನ್ನೊಂದಕ್ಕೆ ಚುಚ್ಚಬಾರದು. ವೋಲ್ಟೇಜ್, ಧ್ರುವ ಎರಡೂ ಒಂದೇ ಇರಬೇಕು. ಆಂಪಿಯರ್ ಮಾತ್ರ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ. ವಾದ್ಯದ ನಾದವನ್ನು ಬದಲಿಸುವ ಕೆಲವು ಹಳೆಯ ಎಫೆಕ್ಟ್ ಸಾಧನಗಳಿಗೆ 9 ವೋಲ್ಟಿನ ಡಿಸಿ ಅಲ್ಲ, ಎಸಿ ಬೇಕು. ಅಂಥವುಗಳ ಅಡಾಪ್ಟರ್ ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ ಮಾದರಿಯದೇ ಆಗಿರುತ್ತದೆ, ಹಾಗಾಗಿ ದೇಶಕ್ಕೊಂದು ಬೇಕಾಗುತ್ತದೆ. ಪ್ರಯಾಣಕ್ಕೆ ಅವನ್ನು ಒಯ್ಯದಿರುವುದೇ ಮೇಲು.

ಮೊದಲ ದಾರಿ: ವೈರು ಬದಲಿಸಿದರೆ ಸಾಕು

ಸಾಧನ 100-240ರದ್ದಾದರೆ ಉಳಿಯುವುದು ಪಿನ್ನಿನ ಪ್ರಶ್ನೆಯೊಂದೇ. ಇಲ್ಲಿ ಹಲವರಿಗೆ ಹೊಳೆಯದ ಒಂದು ಉಪಾಯವಿದೆ. ಕಂಪ್ಯೂಟರಿನ ಹಿಂದೆ ಚುಚ್ಚುವ ಮೂರು ರಂಧ್ರದ ವೈರು, ರೇಡಿಯೋದ ಹಿಂದಿನ ಎಂಟರ ಆಕಾರದ ಎರಡು ರಂಧ್ರದ ವೈರು, ಎರಡೂ ಪ್ರಪಂಚದ ಎಲ್ಲೆಡೆ ಒಂದೇ ಅಳತೆ. ಆದ್ದರಿಂದ ನಮ್ಮ ವೈರಿನ ತುದಿಗೆ ಅಡಾಪ್ಟರ್ ಸಿಕ್ಕಿಸುವ ಬದಲು ಆ ದೇಶದ ಪಿನ್ ಇರುವ ವೈರನ್ನೇ ಕೊಂಡುಬಿಡಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ಅಲ್ಲಿ ಸಿಗದಿದ್ದರೆ ಆ ಊರಿಗೆ ಹೋದ ಮೇಲೆ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುತ್ತದೆ. ಸಡಿಲವಾಗಿ ಜೋತುಬೀಳುವ ಅಡಾಪ್ಟರ್ ಇಲ್ಲ, ಕಿಡಿ ಇಲ್ಲ, ಅರ್ತಿಂಗ್ ಭದ್ರ. ವೇದಿಕೆಯಲ್ಲಿ ಯಾರೋ ವೈರು ತುಳಿದು ಕೀಬೋರ್ಡ್ ಆಫ್ ಆಗುವ ಪ್ರಮೇಯವೂ ಕಡಿಮೆ.

ಸಾಧನಗಳು ನಾಲ್ಕೈದಿದ್ದರೆ ನಮ್ಮದೇ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ದು ಅದರ ಒಂದೇ ತುದಿಗೆ ಗಟ್ಟಿಯಾದ, ಮೂರು ಪಿನ್ನಿನ, ಆ ದೇಶದ್ದೇ ಆದ ಅಡಾಪ್ಟರ್ ಹಾಕುವುದು ಅನುಕೂಲ. ಎಲ್ಲ ಅಡಾಪ್ಟರ್‌ಗಳೂ ನಮ್ಮೂರಿನ ಪಿನ್ನಿನಲ್ಲೇ ಅದರಲ್ಲಿ ಕೂರುತ್ತವೆ. ಆದರೆ ಒಂದು ಎಚ್ಚರ. ಸ್ಪೈಕ್ ಬಸ್ಟರ್‌ಗಳ ಒಳಗೆ ಹೆಚ್ಚು ವೋಲ್ಟೇಜ್ ಬಂದರೆ ಹೀರಿಕೊಳ್ಳುವ ಸಣ್ಣ ಬಿಲ್ಲೆಯಿರುತ್ತದೆ. ನಮ್ಮ 230ರ ಬಾಕ್ಸನ್ನು ಅಮೆರಿಕಕ್ಕೆ ಒಯ್ದರೆ ಆ ಬಿಲ್ಲೆ ರಕ್ಷಣೆ ಕೊಡುವುದಿಲ್ಲ, ಅಷ್ಟೇ. ಅಮೆರಿಕದ 120ರ ಬಾಕ್ಸನ್ನು ಇಲ್ಲಿಗೋ ಲಂಡನ್ನಿಗೋ ತಂದು ಚುಚ್ಚಿದರೆ ಅದೇ ಬಿಲ್ಲೆ ಕಾದು ಸಿಡಿಯುತ್ತದೆ. ಬಿಲ್ಲೆ, ದೀಪ ಏನೂ ಇಲ್ಲದ ಸಾದಾ ಬಾಕ್ಸ್ ಎಲ್ಲಿಗಾದರೂ ಸರಿ.

ಯಾವ ದೇಶಕ್ಕೆ ಯಾವುದು

ನಮ್ಮ ಕಲಾವಿದರು ಹೆಚ್ಚು ಹೋಗುವ ಕಡೆಗಳನ್ನಷ್ಟೇ ಹೇಳುತ್ತೇನೆ. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, 60 ಹರ್ಟ್ಸ್, ಚಪ್ಪಟೆ ಪಿನ್. ಬ್ರಿಟನ್, ಸಿಂಗಪುರ, ಮಲೇಷ್ಯಾ, ಯುಎಇ, ಒಮಾನ್, ಕತಾರ್, ಬಹ್ರೇನ್‌ಗಳಲ್ಲಿ ನಮ್ಮ ಮಟ್ಟದ ವೋಲ್ಟೇಜ್, 50 ಹರ್ಟ್ಸ್, ದಪ್ಪ ಚೌಕ ಮೂರು ಪಿನ್. ಬ್ರಿಟನ್ನಿನ ಪ್ಲಗ್ಗಿನೊಳಗೇ ಫ್ಯೂಸ್ ಇರುತ್ತದೆ, ಹಾಗಾಗಿ ಸಾಧನ ಸತ್ತಂತೆ ಕಂಡರೆ ಮೊದಲು ಪ್ಲಗ್ ಬಿಚ್ಚಿ ನೋಡಿ. ಗಲ್ಫ್‌ಗೆ ಹೋಗುವವರಿಗೆ ಕೆಲಸ ಬಹುತೇಕ ಸುಲಭ, ಟ್ರಾನ್ಸ್‌ಫಾರ್ಮರಿನ ಮಾತೇ ಏಳುವುದಿಲ್ಲ. ಸೌದಿ ಮಾತ್ರ 60 ಹರ್ಟ್ಸ್, ಹಳೆಯ ಕಟ್ಟಡಗಳಲ್ಲಿ 127 ವೋಲ್ಟಿನ ಸಾಕೆಟ್ಟೂ ಸಿಗಬಹುದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ 230 ವೋಲ್ಟಿನವು, ಪಿನ್ ಓರೆಯಾಗಿರುತ್ತದೆ.

ಯುರೋಪಿನಲ್ಲಿ 230 ಎಲ್ಲೆಡೆ ಒಂದೇ ಆದರೂ ಅರ್ತಿಂಗ್ ಕೊಡುವ ರೀತಿ ಬೇರೆ ಬೇರೆ. ಜರ್ಮನಿಯ ಸಾಕೆಟ್ಟಿನಲ್ಲಿ ಅರ್ತ್ ಪಟ್ಟಿಗಳು ಬದಿಯಲ್ಲಿವೆ, ಫ್ರಾನ್ಸಿನದರಲ್ಲಿ ಅರ್ತ್ ಪಿನ್ ಸಾಕೆಟ್ಟಿನಿಂದಲೇ ಹೊರಚಾಚಿರುತ್ತದೆ. ಎರಡಕ್ಕೂ ಒಗ್ಗುವ ಗುಂಡಗಿನ ಪ್ಲಗ್ ಸಿಗುತ್ತದೆ, ಅದನ್ನೇ ಕೊಳ್ಳಿ. ಸ್ವಿಟ್ಜರ್‌ಲೆಂಡಿಗೂ ಇಟಲಿಗೂ ತಮ್ಮದೇ ಮಾದರಿ. ಡೆನ್ಮಾರ್ಕಿನ ಹಳೆಯ ಸಾಕೆಟ್ಟಿಗೆ ಜರ್ಮನ್ ಪ್ಲಗ್ ಸಲೀಸಾಗಿ ಕೂರುತ್ತದೆ, ಕರೆಂಟೂ ಬರುತ್ತದೆ, ಅರ್ತ್ ಮಾತ್ರ ತಾಗುವುದೇ ಇಲ್ಲ. ಕೂತಿತು ಎಂದ ಮಾತ್ರಕ್ಕೆ ಸರಿಯಾಯಿತು ಎಂದಲ್ಲ.

ಜಪಾನ್ ಒಂದು ಬೇರೆ ಲೋಕ. ಅಲ್ಲಿ 100 ವೋಲ್ಟ್. ಟೋಕಿಯೋದಲ್ಲಿ 50 ಹರ್ಟ್ಸ್, ಒಸಾಕಾದಲ್ಲಿ 60. 1895ರಲ್ಲಿ ಟೋಕಿಯೋ ಜರ್ಮನಿಯ ಎಇಜಿ ಕಂಪನಿಯಿಂದ ಜನರೇಟರ್ ತಂದಿತು, ಮರುವರ್ಷ ಒಸಾಕಾ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ ತಂದಿತು. ಆ ಒಡಕು ಇಂದಿಗೂ ಹಾಗೇ ಉಳಿದಿದೆ. ಅಲ್ಲಿನ ಎಷ್ಟೋ ಸಾಕೆಟ್ಟುಗಳಿಗೆ ಎರಡೇ ರಂಧ್ರ, ಅರ್ತ್ ಬೇಕಾದರೆ ಪಕ್ಕದ ಸ್ಕ್ರೂಗೆ ಹಸಿರು ತಂತಿ ಕಟ್ಟಬೇಕು. 100-240ರ ಸಾಧನಕ್ಕೆ ಈ ವೋಲ್ಟೇಜ್, ಹರ್ಟ್ಸ್‌ಗಳ ವ್ಯತ್ಯಾಸ ತಟ್ಟುವುದಿಲ್ಲ. 120ಕ್ಕೆಂದೇ ಮಾಡಿದ ವಾಲ್ವ್ (ಗಾಜಿನ ಕೊಳವೆಯ) ಆಂಪ್ ಮಾತ್ರ ಅಲ್ಲಿ ಮಂಕಾಗುತ್ತದೆ.

ಎರಡನೆಯ ದಾರಿ: ಟ್ರಾನ್ಸ್‌ಫಾರ್ಮರ್

230ರ ಸಾಧನವನ್ನೇ ಅಮೆರಿಕಕ್ಕೆ ಒಯ್ಯಬೇಕಾದರೆ ಅಲ್ಲಿ 120ನ್ನು 230ಕ್ಕೆ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅಮೆರಿಕದ ಸಾಧನ ಇಲ್ಲಿಗೆ ಬಂದರೆ ಇಳಿಸುವುದು. ಕೊಳ್ಳುವಾಗ ನೋಡಬೇಕಾದದ್ದು ವಿಎ (ವೋಲ್ಟ್-ಆಂಪಿಯರ್) ಎಂಬ ಅಂಕಿ, ಅದು ಎಷ್ಟು ಲೋಡ್ ಹೊರಬಲ್ಲದು ಎಂಬ ಲೆಕ್ಕ. ಸಾಧನದ ಲೇಬಲ್ಲಿನಲ್ಲಿ 300 ಎಂದಿದ್ದರೆ 500ರದ್ದು ತೆಗೆದುಕೊಳ್ಳಿ. ಆನ್ ಮಾಡಿದ ಕ್ಷಣದಲ್ಲಿ ಎಳೆಯುವ ಕರೆಂಟ್ ಲೇಬಲ್ಲಿನ ಅಂಕಿಗಿಂತ ಎಷ್ಟೋ ಹೆಚ್ಚು. 1000 ವಿಎ ಟ್ರಾನ್ಸ್‌ಫಾರ್ಮರ್ ಹಲವು ಕಿಲೋ ತೂಗುತ್ತದೆ. 23 ಕಿಲೋದ ಪೆಟ್ಟಿಗೆಯಲ್ಲಿ ಅಷ್ಟು ಜಾಗ ತಾಮ್ರ, ಕಬ್ಬಿಣಕ್ಕೆ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಗಮನಿಸಿ. ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಹೆಚ್ಚಿನವು ಆಟೋ ಟ್ರಾನ್ಸ್‌ಫಾರ್ಮರ್‌ಗಳು. ಅವು ವೋಲ್ಟೇಜ್ ಬದಲಿಸುತ್ತವೆ, ಆದರೆ ಎರಡು ಬದಿಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವುದಿಲ್ಲ. ಅವುಗಳ ಔಟ್‌ಪುಟ್ಟಿನಲ್ಲಿ ಅರ್ತ್ ರಂಧ್ರವಿದ್ದರೂ ಒಳಗೆ ತಂತಿ ಜೋಡಿಸಿದ್ದಾರೆಯೇ ಎಂದು ಮಲ್ಟಿಮೀಟರಿನಲ್ಲಿ ಪರೀಕ್ಷಿಸದೆ ನಂಬಬಾರದು.

'ಟ್ರಾವೆಲ್ ಕನ್ವರ್ಟರ್' ಎಂಬ ಹೆಸರಿನಲ್ಲಿ ಅಂಗೈಯಗಲದ ಹಗುರ ಡಬ್ಬಿಯೊಂದು ಸಿಗುತ್ತದೆ, '1600 ವ್ಯಾಟ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಅಷ್ಟು ಹಗುರದ ಡಬ್ಬಿ ಅಷ್ಟು ಶಕ್ತಿಯನ್ನು ನ್ಯಾಯವಾಗಿ ಇಳಿಸಲಾರದು. ಅದು ಮಾಡುವುದು ಕರೆಂಟಿನ ಅಲೆಯನ್ನು ಅಲ್ಲಲ್ಲಿ ಕತ್ತರಿಸುವುದನ್ನು. ಕೂದಲು ಒಣಗಿಸುವ ಯಂತ್ರಕ್ಕೆ, ಇಸ್ತ್ರಿಪೆಟ್ಟಿಗೆಗೆ ಹೇಗೋ ನಡೆಯುತ್ತದೆ. ವಾದ್ಯದ ಹತ್ತಿರ ಅದನ್ನು ತರಲೇಬಾರದು.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿಪಡಿಸಿದರೂ ಹರ್ಟ್ಸನ್ನು ಮುಟ್ಟುವುದಿಲ್ಲ. 50 ಹರ್ಟ್ಸಿಗೆ ಮಾಡಿದ ನಮ್ಮ ಸಾಧನ 60ರಲ್ಲಿ ಆರಾಮಾಗಿ ನಡೆಯುತ್ತದೆ. 60ಕ್ಕೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ. ಕೆಲವರು ಕೇಳುತ್ತಾರೆ: ಹರ್ಟ್ಸ್ ಬದಲಾದರೆ ಶ್ರುತಿ ಬದಲಾಗುತ್ತದೆಯೇ? ಎಲೆಕ್ಟ್ರಾನಿಕ್ ತಂಬೂರಿಗೂ ಕೀಬೋರ್ಡಿಗೂ ಬದಲಾಗುವುದಿಲ್ಲ. ಅವುಗಳ ಶ್ರುತಿ ಒಳಗಿನ ಸರ್ಕ್ಯೂಟಿನಿಂದ ಬರುತ್ತದೆ, ಗೋಡೆಯ ಕರೆಂಟಿನಿಂದಲ್ಲ. ನಿಜವಾಗಿಯೂ ಬದಲಾಗುವುದು ಚಕ್ರ ತಿರುಗುವ ಹಳೆಯ ಹ್ಯಾಮಂಡ್ ಆರ್ಗನ್ನಿಗೆ. ಅದರ ಮೋಟಾರು ಕರೆಂಟಿನ ಹರ್ಟ್ಸಿಗೆ ತಾಳ ಹಾಕುತ್ತಲೇ ತಿರುಗುತ್ತದೆ. 60ರ ಆರ್ಗನ್ನನ್ನು 50ರಲ್ಲಿ ನುಡಿಸಿದರೆ ಮೂರು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಕೆಳಗಿಳಿಯುತ್ತದೆ, ಒಂದು ಮನೆ ಶ್ರುತಿಯಲ್ಲಿ (ಸಿ) ಹಿಡಿದ ಕೀ ಆರು ಮನೆಯ (ಎ) ಹತ್ತಿರ ಕೂಗುತ್ತದೆ. ಅದೂ ಸರಿಯಾಗಿ ಆರರ ಮೇಲಲ್ಲ, ಜೊತೆಗಾರರ ಯಾವ ವಾದ್ಯಕ್ಕೂ ಕೂಡದ ಎಡೆಯಲ್ಲಿ.

ಮೂರನೆಯ ದಾರಿ: ಬ್ಯಾಟರಿ

ಕಚೇರಿ ಸಂಗೀತದವರಿಗೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ. ವೀಣೆ, ಪಿಟೀಲಿನ ಪಿಕಪ್ಪಿಗೆ ಪ್ರೀಆಂಪ್ ಇದ್ದರೆ ಅದು 9 ವೋಲ್ಟಿನ ಚೌಕ ಬ್ಯಾಟರಿಯಲ್ಲಿ ಹಲವು ಕಚೇರಿ ನಡೆಸಿಕೊಡುತ್ತದೆ. ಬೆಂಗಳೂರಿನ ರಾಡೆಲ್‌ನಂಥ ಕಂಪನಿಗಳ ಶ್ರುತಿಪೆಟ್ಟಿಗೆ, ಎಲೆಕ್ಟ್ರಾನಿಕ್ ತಂಬೂರಿಗಳಲ್ಲಿ ಬ್ಯಾಟರಿಯಲ್ಲೂ ನಡೆಯುವ ಮಾದರಿಗಳಿವೆ, ಅಂಥದ್ದನ್ನು ಆರಿಸಿಕೊಳ್ಳಿ. ಗೋಡೆಗೆ ತಾಗದ ವಾದ್ಯಕ್ಕೆ ಗೋಡೆಯ ಗುಂಯ್ ಸದ್ದು ಸುಲಭವಾಗಿ ಬರದು. ಕಲಾವಿದರ ಕೈ ತಂತಿಯ ಮೇಲಿರುವಾಗ ಅದಕ್ಕಿಂತ ಮುಖ್ಯವಾದ ಲಾಭ, ಮೈನ್ಸ್ ಕರೆಂಟಿನ ಜೊತೆ ಆ ವಾದ್ಯಕ್ಕೆ ನೇರ ನಂಟಿಲ್ಲದಿರುವುದು.

ಪವರ್ ಬ್ಯಾಂಕ್ ಬಳಸುವವರು ಈಗ ಹೆಚ್ಚಾಗಿದ್ದಾರೆ. ಯುಎಸ್‌ಬಿ-ಸಿ ಪಿಡಿ (ಸಾಧನ ಕೇಳಿದ ವೋಲ್ಟೇಜ್ ಕೊಡುವ ಏರ್ಪಾಡು) ಇರುವ ಪವರ್ ಬ್ಯಾಂಕಿನಿಂದ 9, 15, 20 ವೋಲ್ಟ್ ಪಡೆಯಬಹುದು, ಕೆಲವು 12 ಕೂಡ ಕೊಡುತ್ತವೆ. ಬೇಕಾದ ವೋಲ್ಟೇಜಿಗೆ ಹೊಂದಿಸಿದ ವೈರು ಸಿಗುತ್ತದೆ. ನಿಮ್ಮ ಕೀಬೋರ್ಡಿಗೆ 12 ಬೇಕಿದ್ದು ಪವರ್ ಬ್ಯಾಂಕಿನಲ್ಲಿ 12 ಇಲ್ಲದಿದ್ದರೆ ಉಪಯೋಗವಿಲ್ಲ, ಆದ್ದರಿಂದ ಅದರ ಹಿಂದಿನ ಸಣ್ಣ ಅಕ್ಷರವನ್ನೂ ಓದಿ. ಇನ್ನೊಂದು ತೊಡಕು ಮನೆಯಲ್ಲಿ ಪರೀಕ್ಷಿಸದಿದ್ದರೆ ತಿಳಿಯುವುದೇ ಇಲ್ಲ: ತೀರಾ ಕಡಿಮೆ ಕರೆಂಟ್ ಎಳೆಯುವ ಸಾಧನ ಸಿಕ್ಕಿಸಿದರೆ ಪವರ್ ಬ್ಯಾಂಕ್ 'ಫೋನ್ ಚಾರ್ಜ್ ಮುಗಿದಿದೆ' ಎಂದು ತಿಳಿದು ತಾನೇ ಆಫ್ ಆಗುತ್ತದೆ. ಶ್ರುತಿಪೆಟ್ಟಿಗೆ ಆಲಾಪನೆಯ ನಡುವೆ ನಿಂತರೆ ಕಾರಣ ಇದೇ ಇರಬಹುದು. ಹೊರಡುವ ಮೊದಲು ಮನೆಯಲ್ಲಿ ಎರಡು ಗಂಟೆ ಓಡಿಸಿ ನೋಡಿ.

ವಿಮಾನದ ನಿಯಮ ಗೊತ್ತಿರಬೇಕು. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಏನಿದ್ದರೂ ಕೈಚೀಲದಲ್ಲೇ, ಚೆಕ್-ಇನ್ ಪೆಟ್ಟಿಗೆಯಲ್ಲಿ ಕೂಡದು. ಮಿತಿ 100 ವ್ಯಾಟ್-ಅವರ್. 100ರಿಂದ 160ರವರೆಗಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದಕ್ಕಿಂತ ದೊಡ್ಡದು ಪ್ರಯಾಣಿಕರಿಗೆ ಇಲ್ಲ. 20,000 ಎಂಎಎಚ್ ಎಂದರೆ ಅದನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ, 74 ವ್ಯಾಟ್-ಅವರ್ ಆಗುತ್ತದೆ. ದುಬೈ ಮೂಲಕ ಹೋಗುವವರು ಗಮನಿಸಿ: ಎಮಿರೇಟ್ಸ್ ವಿಮಾನಗಳಲ್ಲಿ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ 100 ವ್ಯಾಟ್-ಅವರ್‌ಗಿಂತ ಕಡಿಮೆಯ ಒಂದೇ ಪವರ್ ಬ್ಯಾಂಕ್, ಅದನ್ನೂ ವಿಮಾನದಲ್ಲಿ ಬಳಸುವಂತಿಲ್ಲ. ತಂಡದ ಬ್ಯಾಟರಿಗಳನ್ನೆಲ್ಲ ಒಬ್ಬರ ಚೀಲಕ್ಕೆ ತುಂಬಿದರೆ ತಪಾಸಣೆಯಲ್ಲೇ ಅರ್ಧ ಹೋದೀತು. ಹಂಚಿಕೊಳ್ಳಿ.

ದೊಡ್ಡ ಕೀಬೋರ್ಡ್, ಡಿಜಿಟಲ್ ಎಫೆಕ್ಟ್ ಸಾಲು, ಪವರ್ಡ್ ಸ್ಪೀಕರ್‌ಗಳಿಗೆ ಬ್ಯಾಟರಿ ಸಾಲದು. ಅದಕ್ಕೆ ಆಸೆಪಡುವುದು ಬೇಡ.

ನಾಲ್ಕನೆಯ ದಾರಿ: ಅಲ್ಲಿಯದೇ ವಾದ್ಯ

ಗಿಟಾರ್ ಆಂಪ್, ಬೇಸ್ ಆಂಪ್, ಡ್ರಮ್ ಸೆಟ್, 88 ಕೀಯ ಕೀಬೋರ್ಡ್ ಇವನ್ನೆಲ್ಲ ಆ ಊರಿನಲ್ಲೇ ಬಾಡಿಗೆಗೆ ಪಡೆಯಿರಿ. ಕಾರ್ಯಕ್ರಮದವರ ಭಾಷೆಯಲ್ಲಿ ಇದಕ್ಕೆ ಬ್ಯಾಕ್‌ಲೈನ್ ಎನ್ನುತ್ತಾರೆ. ವೋಲ್ಟೇಜ್, ಹರ್ಟ್ಸ್, ಪಿನ್, ಅರ್ತಿಂಗ್ ನಾಲ್ಕೂ ತಲೆನೋವು ಒಟ್ಟಿಗೇ ಹೋಗುತ್ತವೆ. ಸುಂಕದ ಕಾಗದಪತ್ರದ ತಲೆನೋವೂ ತಗ್ಗುತ್ತದೆ. ಹೆಚ್ಚು ಸಾಮಾನು ಒಯ್ಯುವುದಾದರೆ ಉದ್ಯಮ ಸಂಘಟನೆ ಫಿಕ್ಕಿ ಕೊಡುವ ಎಟಿಎ ಕಾರ್ನೆ (ಸಾಮಾನನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಯ್ದು ಮರಳಿ ತರಲು ಬೇಕಾದ ಪತ್ರ) ಮಾಡಿಸಬೇಕಾದೀತು.

ಇದರ ಕೊರತೆಯೆಂದರೆ ನಿಮ್ಮ ಟೋನುಗಳು ಇನ್ನೊಬ್ಬರ ಕೀಬೋರ್ಡಿನಲ್ಲಿರುವುದಿಲ್ಲ. ಹಳೆಯ ಚಿತ್ರಗೀತೆಯ ಆ ಅಕಾರ್ಡಿಯನ್, ಆ ಶಹನಾಯಿ ನೀವು ಒಂದೊಂದಾಗಿ ತಿದ್ದಿ ತೀಡಿದ್ದು. ಅದಕ್ಕೆ ಎರಡು ಉಪಾಯ. ಬಾಡಿಗೆಗೆ ಕೇಳುವಾಗ ಕಂಪನಿ, ಮಾಡೆಲ್ ಎರಡನ್ನೂ ನಿಖರವಾಗಿ ಬರೆದು ನಿಮ್ಮ ಸೆಟ್ಟಿಂಗ್‌ಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯುವುದು ಒಂದು. ಲ್ಯಾಪ್‌ಟಾಪ್, ಸಣ್ಣ ಆಡಿಯೋ ಇಂಟರ್‌ಫೇಸ್‌ಗಳಲ್ಲಿ ಟೋನು ಒಯ್ದು ಅಲ್ಲಿನ ಕೀಬೋರ್ಡನ್ನು ಬರೀ ಕೀಗಳಿಗಾಗಿ ಬಳಸುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ. ಮಾಡೆಲ್ ಬದಲಾದರೂ ಹಾಡು ನಿಲ್ಲುವುದಿಲ್ಲ.

ಅರ್ತಿಂಗ್: ಇಲ್ಲಿ ರಾಜಿ ಇಲ್ಲ

1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿ ನಗರದ ವೇದಿಕೆಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ಅರ್ತಿಂಗ್ ಸರಿಯಿರಲಿಲ್ಲ. ವಾದ್ಯದ ತಂತಿ ಒಂದು ಸಾಧನದ ಲೋಹಕ್ಕೆ ಸೇರಿದೆ, ತುಟಿಯ ಹತ್ತಿರದ ಮೈಕಿನ ಜಾಲರಿ ಇನ್ನೊಂದರ ಲೋಹಕ್ಕೆ. ಎರಡರಲ್ಲಿ ಒಂದಕ್ಕೆ ಅರ್ತ್ ಇಲ್ಲದೆ ಒಳಗೆ ಲೀಕ್ ಇದ್ದರೆ ಕರೆಂಟ್ ಹರಿಯುವ ದಾರಿ ಕಲಾವಿದರ ಮೈ. ನುಡಿಸುತ್ತಾ ಹಾಡುವವರಿಗೆ ಈ ಅಪಾಯ ಎಲ್ಲರಿಗಿಂತ ಹೆಚ್ಚು.

ಆದ್ದರಿಂದ ಮೂರು ಪಿನ್ನಿನ ಸಾಧನವನ್ನು ಎರಡು ಪಿನ್ನಿನ ಅಡಾಪ್ಟರಿನಲ್ಲಿ ಹಾಕಬೇಡಿ. ಗುಂಯ್ ಸದ್ದು ಹೋಗಲಿ ಎಂದು ಅರ್ತ್ ಪಿನ್ ಮುರಿಯುವುದು, ಟೇಪ್ ಸುತ್ತುವುದು ನಮ್ಮಲ್ಲೂ ಇದೆ, ಅಲ್ಲೂ ಇದೆ. ಯಾರೇ ಹೇಳಿದರೂ ಒಪ್ಪಬೇಡಿ. ಗುಂಯ್ ತೆಗೆಯಲು ವಾದ್ಯಕ್ಕೂ ಮಿಕ್ಸರಿಗೂ ನಡುವೆ ಸಿಕ್ಕಿಸುವ ಡಿಐ ಬಾಕ್ಸ್ ಕೇಳಿ. ಅದರ ಮೇಲಿನ 'ಗ್ರೌಂಡ್ ಲಿಫ್ಟ್' ಗುಂಡಿ ಆಡಿಯೋ ವೈರಿನ ಅರ್ತನ್ನಷ್ಟೇ ಬಿಡಿಸುತ್ತದೆ, ಕರೆಂಟಿನ ಅರ್ತನ್ನಲ್ಲ. ಅದು ಸುರಕ್ಷಿತ. ವೇದಿಕೆಯ ವಾದ್ಯಗಳಿಗೂ ಮಿಕ್ಸರಿಗೂ ಒಂದೇ ಮೂಲದಿಂದ ಕರೆಂಟ್ ತಂದರೆ, ದೀಪದ ಡಿಮ್ಮರುಗಳಿಗೆ ಬೇರೆ ಮೂಲ ಕೊಟ್ಟರೆ ಅರ್ಧ ಸದ್ದು ತಾನೇ ಹೋಗುತ್ತದೆ. ಲ್ಯಾಪ್‌ಟಾಪಿನಿಂದ ಜುಯ್ ಎಂದು ಬರುತ್ತಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ.

ಕಿವಿ ಚುರುಕಿದ್ದವರಿಗೆ ಒಂದು ಕುತೂಹಲದ ಸಂಗತಿ. ನಮ್ಮಲ್ಲಿ, ಯುರೋಪಿನಲ್ಲಿ ಈ ಗುಂಯ್ ಸದ್ದು 50 ಮತ್ತು 100 ಹರ್ಟ್ಸಿನದು, ಸುಮಾರು ಐದು ಮನೆಯ ಷಡ್ಜಕ್ಕೆ ಹತ್ತಿರ. ಅಮೆರಿಕದಲ್ಲಿ 60 ಮತ್ತು 120, ಆರೂವರೆಗೂ ಏಳಕ್ಕೂ ನಡುವೆ ಸಿಕ್ಕಿಕೊಂಡದ್ದು. ಐದು ಮನೆಯಲ್ಲಿ ಹಾಡುವ ಗಾಯಕಿಗೆ ಇಲ್ಲಿ ಶ್ರುತಿಯೊಳಗೆ ಅಡಗಿಹೋಗುತ್ತಿದ್ದ ಸದ್ದು ಅಲ್ಲಿ ಅಪಸ್ವರವಾಗಿ ಚುಚ್ಚುತ್ತದೆ. ಊರಲ್ಲಿ ಕೇಳದ ಗುಂಯ್ ಅಲ್ಲಿ ಕೇಳಿಸಿದರೆ ಸಾಧನ ಕೆಟ್ಟಿದೆ ಎಂದೇ ಅಂದುಕೊಳ್ಳಬೇಕಿಲ್ಲ.

ಲೋಡ್ ಎಷ್ಟು

ತಂಡದ ವಾದ್ಯಗಳು ಎಳೆಯುವುದು ಬಹಳ ಕಡಿಮೆ. 12 ವೋಲ್ಟ್, 1.5 ಆಂಪಿಯರಿನ ಕೀಬೋರ್ಡ್ ಎಂದರೆ 18 ವ್ಯಾಟ್. ಪ್ಯಾಡ್ ಅದರ ಆಸುಪಾಸು, ಲ್ಯಾಪ್‌ಟಾಪ್ 65. ಎಲ್ಲ ಸೇರಿ ಸಾಮಾನ್ಯವಾಗಿ 200ರೊಳಗೆ. ಕಷ್ಟ ಬರುವುದು ಬೇರೆ ಕಡೆಯಿಂದ. ಅಮೆರಿಕದಲ್ಲಿ ನಮ್ಮವರ ಕಾರ್ಯಕ್ರಮಗಳು ಹೆಚ್ಚಾಗಿ ಶಾಲೆಯ ಆಡಿಟೋರಿಯಂಗಳಲ್ಲಿ ನಡೆಯುತ್ತವೆ. 15 ಆಂಪಿಯರಿನ ಒಂದು ಸರ್ಕ್ಯೂಟ್ ಅಂದರೆ 120 ವೋಲ್ಟಿನಲ್ಲಿ 1800 ವ್ಯಾಟ್, ಬಹಳ ಹೊತ್ತು ಓಡುವ ಲೋಡಿಗೆ 1440ಕ್ಕಿಂತ ಹೆಚ್ಚು ಹಾಕಬಾರದು. ವೇದಿಕೆಯ ಪಕ್ಕದ ಕೋಣೆಯಲ್ಲಿ ಸ್ವಯಂಸೇವಕರು ಬಿಸಿಬೇಳೆಬಾತ್ ಬಿಸಿ ಮಾಡಲು, ಕಾಫಿ ಕಾಯಿಸಲು ಒಂದೂವರೆ ಸಾವಿರ ವ್ಯಾಟಿನ ಪಾತ್ರೆಯೊಂದನ್ನು ಗೋಡೆಯ ಸಾಕೆಟ್ಟಿಗೆ ಹಾಕುತ್ತಾರೆ. ಆ ಸಾಕೆಟ್ಟೂ ವೇದಿಕೆಯ ಸಾಕೆಟ್ಟೂ ಒಂದೇ ಬ್ರೇಕರಿನವಾದರೆ ಕಾಫಿ ಕುದಿಯುವ ಮೊದಲೇ ಸ್ಪೀಕರ್ ಮೌನ. ಬ್ರೇಕರ್ ಇರುವ ಕೋಣೆಗೆ ಬೀಗ, ಕೀಲಿ ಶಾಲೆಯ ಸಿಬ್ಬಂದಿಯ ಹತ್ತಿರ. ವೇದಿಕೆಯ ಸರ್ಕ್ಯೂಟಿಗೆ ಅಡುಗೆಯದು, ಹೀಟರು ಏನೂ ಸೇರದಂತೆ ಸಂಘಟಕರಿಗೆ ಮೊದಲೇ ತಿಳಿಸುವುದು ಬಹಳ ಮುಖ್ಯ. ಬ್ರಿಟನ್ನಿನಲ್ಲಿ ಒಂದು ಪ್ಲಗ್ಗಿನಲ್ಲೇ 13 ಆಂಪಿಯರ್, ಸುಮಾರು 3000 ವ್ಯಾಟ್ ಸಿಗುವುದರಿಂದ ಇಷ್ಟು ಇಕ್ಕಟ್ಟಿಲ್ಲ.

ಯಾರಿಗೆ ಯಾವುದು

ಗಾಯನ, ಪಿಟೀಲು, ಮೃದಂಗದ ಕಚೇರಿ ತಂಡ: ಪೂರ್ತಿ ಬ್ಯಾಟರಿ. ಜೊತೆಗೆ 9 ವೋಲ್ಟಿನ ಎರಡು ಹೊಸ ಬ್ಯಾಟರಿ, ಮೊಬೈಲಿನಲ್ಲಿ ತಂಬೂರಿ ಆಪ್. ಆಪ್ ಬಳಸುವಾಗ ಏರೋಪ್ಲೇನ್ ಮೋಡ್ ಹಾಕದಿದ್ದರೆ ನಡುವೆ ಕರೆ ಬರುತ್ತದೆ, ಸ್ಪೀಕರಿನಲ್ಲಿ ಟಿಕಟಿಕ ಸದ್ದೂ ಬರುತ್ತದೆ.

ಚಿತ್ರಗೀತೆಯ ಆರ್ಕೆಸ್ಟ್ರಾ: ಪ್ಯಾಡ್, ಸಣ್ಣ ಕೀಬೋರ್ಡ್, ಲ್ಯಾಪ್‌ಟಾಪ್ ನಿಮ್ಮವೇ, ಎಲ್ಲಕ್ಕೂ 100-240ರ ಅಡಾಪ್ಟರ್. ಹಳೆಯ ಭಾರದ ಅಡಾಪ್ಟರ್ ಇದ್ದರೆ ಪ್ರಯಾಣದ ಮೊದಲು ಕಂಪನಿಯ ಹಗುರದ್ದನ್ನು ಕೊಳ್ಳಿ. ಟ್ರಾನ್ಸ್‌ಫಾರ್ಮರಿಗೆ ಕೊಡುವ ದುಡ್ಡಿಗಿಂತ ಅದು ಕಡಿಮೆಯೇ. ಉಳಿದದ್ದೆಲ್ಲ ಬಾಡಿಗೆಗೆ.

ಎಫೆಕ್ಟ್ ಪೆಡಲ್ ಸಾಲು ಕಟ್ಟಿಕೊಂಡ ಗಿಟಾರ್ ವಾದಕರು: ಆಂಪ್ ಬಾಡಿಗೆಗೆ, ಪೆಡಲ್ ಸಾಲು ನಿಮ್ಮದು. ಅದರ ಪವರ್ ಸಪ್ಲೈ ಮಾತ್ರ ನೋಡಿಕೊಳ್ಳಿ. ವೂಡೂ ಲ್ಯಾಬ್‌ನ ಪೆಡಲ್ ಪವರ್ 2 ಪ್ಲಸ್ ಟ್ರಾನ್ಸ್‌ಫಾರ್ಮರ್ ಮಾದರಿಯದು, 120ಕ್ಕೆ ಒಂದು, 230ಕ್ಕೆ ಇನ್ನೊಂದು. ಊರಲ್ಲೇ ನುಡಿಸುವವರಿಗೆ ಚೆಂದ. ಸಿಯಾಕ್ಸ್ ಡಿಸಿ7ನಂಥವು 100-240ರವು, ಔಟ್‌ಪುಟ್‌ಗಳೂ ಒಂದಕ್ಕೊಂದು ಬೇರ್ಪಟ್ಟಿವೆ. ದೇಶ ಸುತ್ತುವವರು ಇಂಥದ್ದಕ್ಕೆ ದುಡ್ಡು ಹಾಕುವುದು ಸರಿ. ಒಂದೇ ಅಡಾಪ್ಟರಿನಿಂದ ಎಲ್ಲ ಪೆಡಲ್‌ಗಳಿಗೂ ಸರಪಳಿಯಂತೆ ಕೊಡುವ ವೈರು ಅಗ್ಗ, ಆದರೆ ಡಿಜಿಟಲ್ ಪೆಡಲಿನ ಕಿರುಗುಟ್ಟುವಿಕೆ ಎಲ್ಲದಕ್ಕೂ ಹರಡುತ್ತದೆ.

ವಾಲ್ವ್ ಆಂಪ್ ಬಿಟ್ಟಿರಲಾರದವರು: ಅದರ ಒಳಗಿನ ಟ್ರಾನ್ಸ್‌ಫಾರ್ಮರಿಗೆ 120, 230 ಎರಡರ ತಂತಿಗಳೂ ಇವೆಯೇ ಎಂದು ಬಲ್ಲ ಮೆಕ್ಯಾನಿಕ್ ಹತ್ತಿರ ನೋಡಿಸಿ. ಇದ್ದರೆ ಒಮ್ಮೆ ಬದಲಿಸಿ ಕೊಡುತ್ತಾರೆ. ನೀವೇ ಬಿಚ್ಚಬೇಡಿ, ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಯಾವ ದಾರಿ ಆರಿಸಿಕೊಂಡರೂ ಸಂಘಟಕರಿಗೆ ಒಂದು ಪತ್ರ ಬರೆಯಿರಿ: ವೇದಿಕೆಯ ಸಾಕೆಟ್ಟಿನ ಫೋಟೋ, ಒಂದೊಂದು ಸರ್ಕ್ಯೂಟ್ ಎಷ್ಟು ಆಂಪಿಯರಿನದು, ದೀಪಕ್ಕೂ ಧ್ವನಿಗೂ ಬೇರೆ ಬೇರೆ ಮೂಲವಿದೆಯೇ, ಬ್ರೇಕರ್ ಕೋಣೆಯ ಕೀಲಿ ಆ ಸಂಜೆ ಯಾರ ಕೈಯಲ್ಲಿ, ಡಿಐ ಬಾಕ್ಸ್ ಎಷ್ಟು ಸಿಗುತ್ತವೆ. ಕಾರ್ಯಕ್ರಮಕ್ಕೆ ಎರಡು ವಾರ ಮೊದಲಾದರೂ ಉತ್ತರ ಕೈಗೆ ಬಂದಿರಲಿ. ಬಾಡಿಗೆಯವರಿಗೆ ಮಾಡೆಲ್ ಬದಲಿಸಲೂ, ನಿಮಗೆ ಸರಿಯಾದ ವೈರು ಕೊಳ್ಳಲೂ ಅಷ್ಟು ಸಮಯ ಬೇಕು.